ಹಿತ್ತಾಳೆಯ ಮುಚ್ಚಳ

"ಎಂಜಿನ್ನಿಗೆ ಏನೂ ಆಗಿಲ್ಲ. ಹೆದರ್ಕೊಂಡಿರೋದು ಹ್ಯಾಲಮ್," ಎಂದ ಮೇಜರ್ ಕ್ರಿಚ್ಲಿ, ಚಹಾದ ಕಪ್ಪನ್ನು ಕೆಳಗೂ ಇಡದೆ.

ನನ್ನ ಮೈ ಉರಿದುಹೋಯಿತು. ಹ್ಯಾಲಮ್‌ನ ಯುದ್ಧವಿಮಾನದ ಮೆಕ್ಯಾನಿಕ್ ನಾನು. ಹದಿನಾರು ಸಾವಿರ ಅಡಿಯ ಮೇಲೆ ಅದರ ಎಂಜಿನ್ ಮೂರು ಸಲ ನಿಂತಿತ್ತು. ಮೂರು ಸಲವೂ ಅವನು ಜೊತೆಯವರನ್ನು ಬಿಟ್ಟು ಕೆಳಗಿಳಿಯಬೇಕಾಯಿತು. ನೆಲ ಹತ್ತಿರವಾಗುತ್ತಿದ್ದಂತೆ ಎಂಜಿನ್ ತಾನಾಗಿ ಹೊತ್ತಿಕೊಳ್ಳುತ್ತಿತ್ತು. ಷೆಡ್ಡಿನ ಮುಂದೆ ನಾನು ಓಡಿಸಿದರೆ ಒಂದು ಕೆಮ್ಮೂ ಇಲ್ಲ. ಪ್ಲಗ್ಗು ಬದಲಿಸಿದೆ, ಪ್ಲಗ್ಗಿಗೆ ಕಿಡಿ ಕೊಡುವ ಮ್ಯಾಗ್ನೆಟೋ ಬದಲಿಸಿದೆ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ. ಏನೂ ಸಿಗಲಿಲ್ಲ.

"ಇನ್ನೊಂದ್ಸಲ ಹೀಗೆ ವಾಪಸ್ ಬಂದ್ರೆ, ಡೆನ್ಬಿ ಹೋದ ದಾರೀಲೇ ಇವನೂ ಹೋಗ್ತಾನೆ," ಎಂದ ಮೇಜರ್.

ಡೆನ್ಬಿ ಅದೇ ವಿಮಾನದ ಹಿಂದಿನ ಪೈಲಟ್. ಅವನದೂ ಇದೇ ಕತೆ. ಪುಕ್ಕಲ ಎಂದು ಬರೆದು ಹೋದ ತಿಂಗಳು ಫ್ರಾನ್ಸಿನಿಂದ ಇಂಗ್ಲೆಂಡಿಗೆ ಅಟ್ಟಿದ್ದರು. ಹೊರಡುವ ದಿನ ಅವನು ಷೆಡ್ಡಿಗೆ ಬಂದು ನನ್ನತ್ತ ಕೈ ಚಾಚಿದ್ದ. "ಕೈಯೆಲ್ಲ ಎಣ್ಣೆ, ಸಾರ್," ಎಂದು ನಾನು ಮುಖ ತಿರುಗಿಸಿದ್ದೆ. ನನ್ನ ಎಂಜಿನ್ನಿನ ಮೇಲೆ ತಪ್ಪು ಹೊರಿಸಿದವನ ಕೈ ನನಗೇಕೆ ಎನ್ನುವ ಸಿಟ್ಟು. ಆದರೆ ಹ್ಯಾಲಮ್ ತೊಡೆಯಲ್ಲಿ ಗುಂಡು ಇಟ್ಟುಕೊಂಡೇ ವಿಮಾನ ಇಳಿಸಿದ್ದನ್ನು ನಾನು ಕಣ್ಣಾರೆ ಕಂಡವನು. ಅವನು ಪುಕ್ಕಲನೇ?

"ಹಿಂದಿನ ಸೀಟಲ್ಲಿ ನಾನೇ ಕೂತ್ಕೊಂಡು ನೋಡ್ತೀನಿ, ಸಾರ್."

"ನೀನಾ, ಪೆಂಗೆಲ್ಲಿ? ಹೋಗು. ವಾಂತಿ ಮಾಡ್ಕೊಂಡ್ರೆ ನೀನೇ ತೊಳೀಬೇಕು. ಶನಿವಾರದ ತಪಾಸಣೆಗೆ ಹಿತ್ತಾಳೆಯೆಲ್ಲ ಹೊಳೀತಿರ್ಬೇಕು, ಮರೀಬೇಡ."

ಹಿತ್ತಾಳೆಯ ಹುಚ್ಚು ಆ ಮನುಷ್ಯನಿಗೆ! ಆ ಕೆಲಸದಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ನನ್ನ ಪೆಟ್ರೋಲ್ ಟ್ಯಾಂಕಿನ ಮುಚ್ಚಳದಲ್ಲಿ ಮುಖ ನೋಡಿಕೊಂಡು ಮೇಜರ್ ಮೀಸೆ ತೀಡಿಕೊಳ್ಳುತ್ತಿದ್ದ.

ಮರುದಿನ ಬೆಳಿಗ್ಗೆ ಹಾರಿದೆವು. ಹತ್ತು ಸಾವಿರ ಅಡಿಗೆ ಬೆರಳು ಮರಗಟ್ಟಿತು. ಹದಿನಾರು ಸಾವಿರಕ್ಕೆ ರೆಪ್ಪೆಯ ಮೇಲೆ ಹಿಮ. ಅಲ್ಲಿ ಕಾಲು ಗಂಟೆ ಸುತ್ತಿದೆವು. ಎಂಜಿನ್ ಎರಡು ಸಲ ಸೀನಿ ನಿಂತುಬಿಟ್ಟಿತು. ಪ್ರೊಪೆಲ್ಲರ್ ಬರಿಯ ಗಾಳಿಗೆ ತಿರುಗುತ್ತಿತ್ತು.

"ನೋಡಿದೆಯಾ?" ಹ್ಯಾಲಮ್ ಹಿಂದೆ ತಿರುಗಿ ಕಿರುಚಿದ. "ನಾನೇನಾದ್ರೂ ಮುಟ್ಟಿದ್ನಾ? ಹೇಳು!"

"ಇಲ್ಲ ಸಾರ್! ಇಳಿಸ್ತಾ ಇರಿ!"

ಟ್ಯಾಂಕು ನಮ್ಮಿಬ್ಬರ ನಡುವೆಯೇ ಇತ್ತು. ಎಂಜಿನ್ನಿಗೆ ಪೆಟ್ರೋಲೇ ಹೋಗುತ್ತಿಲ್ಲವೇನೋ ಎಂದು ಇಕ್ಕಳ ಹಾಕಿ ಮುಚ್ಚಳ ತಿರುಗಿಸಿದೆ. ಅದು ಕಚ್ಚಿಕೊಂಡು ಕೂತಿತ್ತು. ಕೊನೆಗೆ ಬಿಟ್ಟುಕೊಂಡಾಗ ಟ್ಯಾಂಕು ಒಳಕ್ಕೆ ಎಂಥ ಗಾಳಿ ಎಳೆದುಕೊಂಡಿತೆಂದರೆ, ನನ್ನ ಕೈಗವಸು ಅದರ ಬಾಯಿಗೆ ಅಂಟಿಕೊಂಡಿತು. ಅರೆ ನಿಮಿಷದಲ್ಲಿ ಎಂಜಿನ್ ಗರ್ಜಿಸಿತು. ಹ್ಯಾಲಮ್ ಎರಡೂ ಕೈ ಮೇಲೆತ್ತಿ ಕುಣಿದ.

ನಾನು ಮುಚ್ಚಳ ನೋಡುತ್ತಿದ್ದೆ. ಪೆಟ್ರೋಲು ಇಳಿದಷ್ಟೂ ಟ್ಯಾಂಕಿಗೆ ಗಾಳಿ ಬರಲೆಂದು ಅದರ ನಡುವೆ ಒಂದು ಸಣ್ಣ ತೂತು ಇರುತ್ತದೆ. ಅದರ ತುಂಬ ಒಣಗಿದ ಪಾಲಿಷ್. ಕೂದಲೆಳೆಯಷ್ಟು ಸಂದು ಉಳಿದಿತ್ತು, ಮೇಲಿನ ಚಳಿಗೆ ಅದರಲ್ಲೂ ಹಿಮ ಕಟ್ಟಿತ್ತು. ಕೆಳಗಿಳಿದರೆ ಕರಗುತ್ತದೆ, ಎಂಜಿನ್ ಏಳುತ್ತದೆ. ವಾರ ವಾರವೂ ಅದನ್ನು ತಿಕ್ಕಿ ತುಂಬಿದವನು ನಾನು. ತೂ, ನನ್ನ ಜನ್ಮಕ್ಕಿಷ್ಟು!

ಕೆಳಗಿಳಿದ ಕೂಡಲೇ ಮುಚ್ಚಳವನ್ನು ಮೇಜರನ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಅವನು ಅದನ್ನು ತಿರುಗಿಸಿ ನೋಡಿದ.

"ಸರಿ, ಹ್ಯಾಲಮ್‌ದು ತಪ್ಪಿಲ್ಲ ಅನ್ನೋಣ. ಆದರೆ ಇದರ ಮೇಲೆ ಇಕ್ಕಳದ ಗೀರು ಬಿದ್ದಿದೆಯಲ್ಲಯ್ಯಾ. ಶನಿವಾರದೊಳಗೆ ತೆಗಿ."

"ಗೀರು ಹಾಳಾಗ್ಲಿ! ಡೆನ್ಬಿಯವರೂ ಹೆದರಿರ್ಲಿಲ್ಲ. ಅದನ್ನ ಬರೀರಿ."

"ಆ ಕಡತ ಮುಚ್ಚಿಯಾಯ್ತು."

"ತೆಗೀರಿ. ತೂತು ಮುಚ್ಚಿದ್ದು ಪೆಂಗೆಲ್ಲಿ ಅಂತ ನನ್ನ ಹೆಸರು ಹಾಕಿಯೇ ಬರೀರಿ."

"ದರ್ಜೆ ಇಳಿಸ್ತಾರೆ, ತೋಳಿನ ಪಟ್ಟಿ ಹೋಗುತ್ತೆ ನಿಂದು."

"ಹೋಗ್ಲಿ."

ಅವನು ಬರೆದು ಸಹಿ ಹಾಕುವ ತನಕ ನಾನು ಕದಲಲಿಲ್ಲ. ಹೊರಗೆ ಹ್ಯಾಲಮ್ ಕಾಯುತ್ತಿದ್ದ. ನಗುತ್ತ ಕೈ ಚಾಚಿದ.

ನಾನು ಆ ಕೈಯನ್ನೇ ನೋಡುತ್ತ ನಿಂತೆ. ಡೆನ್ಬಿ ಹೀಗೆ ಕೈ ಚಾಚಿದ ದಿನ ಶುಕ್ರವಾರ, ತಪಾಸಣೆಯ ಹಿಂದಿನ ದಿನ. ಆಗ ನಾನು ಇದೇ ಮುಚ್ಚಳವನ್ನು ತಿಕ್ಕುತ್ತ ಕೂತಿದ್ದೆ. ನನ್ನ ಕೈಗೆ ಮೆತ್ತಿಕೊಂಡಿದ್ದದ್ದು ಎಣ್ಣೆಯಲ್ಲ, ಪಾಲಿಷ್.