ಮೀನಿನ ಪೆಟ್ಟಿಗೆಯೊಳಗಿನ ಕಾವು

ಮುಳ್ಳು ಇಳಿದಿಲ್ಲ, ಮತ್ತೆ ಬಗ್ಗಿ ನೋಡಿದೆ, ಇಳಿದಿಲ್ಲ, ಬೆಳಗ್ಗೆ ತಿರುವಿನಲ್ಲಿ ಮರ ಬಿದ್ದು ಕರೆಂಟು ಹೋದಾಗಿನಿಂದ ಕಾವು ಕೊಡುವ ಬಲ್ಬು ಸತ್ತು ಕೂತಿದೆ, ಮೆರ್ಬಾಬು ಬೆಟ್ಟದಿಂದ ಇಳಿದ ಮಂಜು ಅಡುಗೆಮನೆವರೆಗೂ ನುಗ್ಗಿದೆ, ನನ್ನ ಮೂಗೇ ನನ್ನದಲ್ಲ ಅನ್ನುವಷ್ಟು ಚಳಿ, ಆದರೂ ಥರ್ಮಾಕೋಲಿನ ಮೀನಿನ ಪೆಟ್ಟಿಗೆಗೆ ನಾನೇ ಕೊರೆದು ಕೂರಿಸಿದ ಗಾಜಿನ ಕಿಂಡಿಯಾಚೆ ಥರ್ಮಾಮೀಟರಿನ ಆ ಕೆಂಪು ಮುಳ್ಳು ಇಪ್ಪತ್ತೆಂಟು ಡಿಗ್ರಿಯ ಹತ್ತಿರ ನಿಂತುಬಿಟ್ಟಿದೆ — ಕೆಟ್ಟಿರಬೇಕು, ಕೆಡದೆ ಇನ್ನೇನು, ಸಂತೆಯಲ್ಲಿ ಕೋಳಿಮರಿ ಮಾರುವವನ ಹತ್ತಿರ ಕೊಂಡದ್ದು, ಕೋಳಿ ಮೊಟ್ಟೆಗಾ ಯಜಮಾನ್ರೇ ಅಂದ, ಅಲ್ಲಪ್ಪಾ ಹಲ್ಲಿ ಮೊಟ್ಟೆಗೆ, ಅವನು ನಕ್ಕ ನಗುವಿಗೆ ಬುಟ್ಟಿಯಲ್ಲಿದ್ದ ಮರಿಗಳೆಲ್ಲ ಚಿಲಿಪಿಲಿ ಎಂದವು. ಮುಚ್ಚಳ ತೆಗೆದರೆ ಇರುವ ಚೂರು ಬಿಸಿಯೂ ಹಾರಿಹೋಗುತ್ತದೆ, ತೆಗೆಯದಿದ್ದರೆ ಒಳಗೆ ನನ್ನ ಹಲ್ಲಿ ಜಾಹೆಯ ಎರಡು ಮೊಟ್ಟೆ ತಣ್ಣಗಾಗಿ ಸಾಯುತ್ತಿವೆಯೋ ಏನೋ, ಎರಡೇ ಎರಡು, ಇನ್ನು ಮುಂದೆ ಇಡುವುದಕ್ಕೆ ಜಾಹೆಯೇ ಇಲ್ಲ. ಕಾಫಿ ಕುಡಿ, ಪಾಕ್ನೆ, ಆರಿಹೋಗತ್ತೆ, ಒಲೆಯ ಮುಂದಿನಿಂದ ನನ್ನವಳ ದನಿ, ಬಂದೆ ಬುನೆ, ಬಂದೆ ಅನ್ನುತ್ತೇನೆ, ಏಳುವುದಿಲ್ಲ, ಮಗಳು ನಿಕೆನ್ ಹುಟ್ಟಿದಾಗಿನಿಂದ ಇವಳು ಬುನೆ, ಮಗುವಿನ ಅಮ್ಮ, ನಾನು ಪಾಕ್ನೆ, ಮಗುವಿನ ಅಪ್ಪ, ಒಬ್ಬರ ಹೆಸರು ಒಬ್ಬರ ಬಾಯಲ್ಲಿ ಬಂದು ಎಷ್ಟು ಕಾಲವಾಯಿತೋ. ಈ ಹೊತ್ತಿಗೆ ಅವಳು ಸಂತೆಯಲ್ಲಿರಬೇಕಿತ್ತು, ಐದು ದಿನಕ್ಕೊಮ್ಮೆ ಬರುವ ಪಾಹಿಂಗ್ ಸಂತೆಗೆ ಮಾಲು ಒಯ್ಯುವುದನ್ನು ತಪ್ಪಿಸಿದವಳೇ ಅಲ್ಲ, ಇವತ್ತು ಮಾತ್ರ ಮಳೆ, ಸೊಂಟ ನೋವು, ಹೋಗಲ್ಲ ಅಂದಳು, ಒಳ್ಳೆಯದೇ ಆಯಿತು, ಮಳೆಯ ದಿನ ಮನೆಯಲ್ಲಿ ಇಬ್ಬರಿದ್ದರೆ ಚಂದ, ಸೂರಿನ ನೀರು ಬಕೆಟ್ಟಿಗೆ ಬೀಳುವ ಸದ್ದು, ಬಿಸಿ ಕಾಫಿಯ ತಳದಲ್ಲಿ ಗಸಿ, ನನಗೆ ಇನ್ನೇನು ಬೇಕು — ಈ ಮುಳ್ಳು ಸತ್ಯ ಹೇಳುತ್ತಿದ್ದರೆ ಇನ್ನೇನೂ ಬೇಡ.

ಸಾಲಾತಿಗಾದಿಂದ ಮಾಗೆಲಾಂಗ್‌ಗೆ ಈ ಬೆಟ್ಟದ ದಾರಿಯಲ್ಲಿ ಬಸ್ಸು ಓಡಿಸಿಕೊಂಡಿದ್ದವನು ನಾನು, ಏರಿನಲ್ಲಿ ಎಂಜಿನ್ನಿನ ಬಿಸಿ ನೋಡುತ್ತಾ ನೋಡುತ್ತಾ ಮುಳ್ಳು ನೋಡುವ ಚಟ ಹತ್ತಿರಬೇಕು, ಸ್ಟಿಯರಿಂಗ್ ಬಿಟ್ಟು ಮನೆಯಲ್ಲಿ ಕೂತಾಗ ಕೈ ಸುಮ್ಮನಿರಲಿಲ್ಲ, ಆಗ ನಿಕೆನ್ ಒಂದು ಜೋಡಿ ಚಿರತೆಚುಕ್ಕೆಯ ಹಲ್ಲಿ ತಂದುಕೊಟ್ಟಳು, ಅಪ್ಪಾ ಇವನ್ನ ನೋಡ್ಕೊಂಡಿರಿ, ಅಮ್ಮನ ತಲೆ ತಿನ್ಬೇಡಿ. ಶುಂಠಿಬಣ್ಣದ ಹೆಣ್ಣಿಗೆ ಶುಂಠಿ ಅಂತಲೇ ಹೆಸರಿಟ್ಟೆ, ನಮ್ಮ ಮಾತಿನಲ್ಲಿ ಜಾಹೆ, ಅಂಗೈ ಮೇಲೆ ಕೂತು ರೆಪ್ಪೆ ಬಡಿಯುತ್ತಿದ್ದಳು, ಹಲ್ಲಿ ರೆಪ್ಪೆ ಬಡಿಯುತ್ತೆ ನೋಡು ಬುನೆ, ಥೂ, ಆ ಕೈಯಲ್ಲಿ ನನ್ನ ತೆಂಪೆ ಮುಟ್ಟಿದ್ರೆ ನೋಡಿ ಮತ್ತೆ, ನಿಮ್ಗೂ ಊಟ ಇಲ್ಲ ಅದಕ್ಕೂ ಇಲ್ಲ. ಜಾಹೆಯನ್ನು ಒಮ್ಮೆಯೂ ಮುಟ್ಟಲಿಲ್ಲ ಇವಳು. ಸೋಯಾಕಾಳು ಬೇಯಿಸಿ, ಹುದುಗು ಬೆರೆಸಿ, ಬಾಳೆಲೆಯಲ್ಲಿ ಕಟ್ಟಿ ಸಾಲಾಗಿ ಮಲಗಿಸಿ, ಬೆಳಗಾದರೆ ಆ ತೆಂಪೆ ಪೊಟ್ಟಣಗಳ ಮೇಲೆ ಕೈಯ ಹಿಂಬದಿ ಇಟ್ಟು ನೋಡುತ್ತಾಳೆ, ನಿಕೆನ್‌ಗೆ ಜ್ವರ ಬಂದಾಗ ಹಣೆಯ ಮೇಲೆ ಇಟ್ಟಂತೆಯೇ, ಬೆಚ್ಚಗಿದೆ ಅನ್ನುತ್ತಾಳೆ, ಅಷ್ಟೇ, ಅವಳಿಗೆ ಮುಳ್ಳೂ ಬೇಡ ಗಾಜೂ ಬೇಡ. ಜಾಹೆ ಮೊಟ್ಟೆ ಇಟ್ಟು ಸೊರಗಿ ಸತ್ತ ದಿನ ನಾನು ಉಣ್ಣಲಿಲ್ಲ, ಒಂದು ಹಲ್ಲಿಗೆ ಇಷ್ಟಾ ಪಾಕ್ನೆ ಅಂದಳು, ಇಷ್ಟೇ ಅಂದೆ, ಪೆಟ್ಟಿಗೆ ತಂದು ಬಲ್ಬು ಕಟ್ಟಿದೆ, ಒದ್ದೆ ತೆಂಗಿನ ನಾರಿನ ಪುಡಿಯಲ್ಲಿ ಮೊಟ್ಟೆ ಹೂತು, ತಿರುಗಿದರೆ ಒಳಗಿನ ಜೀವ ಉಳಿಯದು ಅಂತ ನೆತ್ತಿಯ ಮೇಲೆ ಪೆನ್ಸಿಲಿನ ಚುಕ್ಕೆ ಇಟ್ಟೆ. ಕಾವು ಇಪ್ಪತ್ತೇಳರಲ್ಲಿದ್ದರೆ ಬಹುಪಾಲು ಹೆಣ್ಣು, ಮೂವತ್ತೆರಡರಲ್ಲಿ ಗಂಡು, ನನಗೆ ಹೆಣ್ಣು ಬೇಕು, ಶುಂಠಿಬಣ್ಣದ್ದೇ ಬೇಕು, ಬಲ್ಬನ್ನು ಏರಿಸಿ ಇಳಿಸಿ, ಮುಚ್ಚಳದ ಸಂದಿಗೆ ಬೆಂಕಿಕಡ್ಡಿ ಸಿಕ್ಕಿಸಿ ತೆಗೆದು ಅದೇ ಕೆಲಸ, ಇವಳು ನಗುತ್ತಾಳೆ, ನಿಕೆನ್ ಹೊಟ್ಟೇಲಿದ್ದಾಗ ನನ್ನನ್ನ ಇಷ್ಟು ನೋಡ್ಕೊಂಡಿದ್ರೆ ರಾಣಿ ಆಗ್ತಿದ್ದೆ.

ಆಗಲಿ, ತೆಗೆದೇ ನೋಡುತ್ತೇನೆ, ಉಸಿರು ಬಿಗಿಹಿಡಿದು ಮುಚ್ಚಳ ಎತ್ತಿದೆ — ಮುಖಕ್ಕೆ ಬಿಸಿ ಹೊಡೆಯಿತು, ಬಿಸಿ, ನಿಜವಾದ ಬಿಸಿ, ಜೊತೆಗೆ ಬಾಳೆಲೆಯ, ಹುದುಗಿನ ವಾಸನೆ, ಮೊಟ್ಟೆಯ ಡಬ್ಬಿಯ ಸುತ್ತ ಕಿಂಡಿಗೆ ಕಾಣದ ಹಾಗೆ ಒತ್ತಾಗಿ ತೆಂಪೆ ಪೊಟ್ಟಣಗಳು, ಮೈಯೊಳಗೇ ಕಾವು ಹುಟ್ಟಿಸಿಕೊಂಡು ಬೆವರುತ್ತಿವೆ. ಬುನೆ, ಏನಿದು, ಏನಿಲ್ಲ, ಚಳಿಗೆ ತೆಂಪೆ ಹುದುಗಿ ಗಟ್ಟಿಯಾಗಿರ್ಲಿಲ್ಲ, ನೀವು ಬಿದ್ದ ಮರ ನೋಡೋಕೆ ಹೋದಾಗ ಇಟ್ಟೆ, ನಿಮ್ಮ ಹಲ್ಲಿಗಲ್ಲ, ನನ್ನ ತೆಂಪೆಗೆ. ಒಂದು ಪೊಟ್ಟಣ ಬಿಚ್ಚಿದೆ, ಬಿಳಿ ಬೂಷ್ಟು ಎಂದೋ ಕಟ್ಟಿ, ಅಂಚು ಕಪ್ಪಾಗಿ, ಘಾಟು ಏರಿದೆ, ಇವಳ ಅನ್ನ ಉಂಡ ನನಗೆ ಗೊತ್ತಾಗದೇ, ಇದು ಬೆಳಗ್ಗೆಯೇ ಹದಕ್ಕೆ ಬಂದಿದ್ದ ಮಾಲು, ಸಂತೆಗೆ ಹೋಗಬೇಕಿದ್ದ ಮಾಲು, ಪೂರಾ ಕಂತೆ ಇಲ್ಲೇ ಕೂತು ಮೀರಿಹೋಗಿದೆ. ಮಾರಲಿಲ್ಲವಲ್ಲೇ ಅನ್ನಬೇಕೆಂದೆ, ಅಷ್ಟರಲ್ಲಿ ಅವಳೇ ಮುಖ ತಿರುಗಿಸಿ, ಸಾಂಬಲ್ ತುಂಪಾಂಗ್ ಗೊಜ್ಜು ತಿನ್ಬೇಕು ಅಂತಿದ್ರಲ್ಲ, ಅದಕ್ಕೆ ಮೀರಿದ ತೆಂಪೆನೇ ರುಚಿ, ಮಾಡ್ತೀನಿ. ವಾರವೆಲ್ಲ ಅದನ್ನೇ ತಿನ್ನಬೇಕು ಇಷ್ಟಕ್ಕೆ, ತಿನ್ನುತ್ತೇನೆ, ಸಂತೋಷವಾಗಿ ತಿನ್ನುತ್ತೇನೆ. ಮುಳ್ಳು ಮೂವತ್ತರತ್ತ ಏರುತ್ತಿದೆ ನೋಡು ಬುನೆ, ಹಾಗಾದ್ರೆ ಎರಡು ಪೊಟ್ಟಣ ಹೊರಗೆ ತೆಗೀರಿ, ತಣ್ಣಗಾದ್ರೆ ಮತ್ತೆ ಇಟ್ರಾಯ್ತು, ಅದಕ್ಕೇನು ಬಲ್ಬು ಬೇಕಾ — ತೆಗೆದೆ, ಹೆಣ್ಣಾಗಲಿ ಗಂಡಾಗಲಿ, ಬದುಕಿದರೆ ಸಾಕು, ಬದುಕಿವೆಯಾ ಬುನೆ, ನಂಗೇನ್ ಕೇಳ್ತೀರಿ ಎನ್ನುತ್ತಲೇ ಪಕ್ಕಕ್ಕೆ ಬಂದು ಕೂತಳು, ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಒಮ್ಮೆ, ಇನ್ನೊಮ್ಮೆ, ಜಾಹೆಯನ್ನು ಒಂದು ದಿನವೂ ಮುಟ್ಟದ ಕೈ, ಮೆಲ್ಲಗೆ ಒಳಗಿಳಿಯಿತು, ಚುಕ್ಕೆ ಅಲುಗದ ಹಾಗೆ, ಬೆಚ್ಚಗಿದೆ ಅಂದಳು, ಹೊರಗೆ ಮಳೆ ನಿಂತಿತೋ ಬಲ್ಬು ಹತ್ತಿತೋ ನಾನು ನೋಡಲಿಲ್ಲ — ಅವಳ ಕೈಯ ಹಿಂಬದಿ, ಜಾಹೆಯ ಮೊಟ್ಟೆಯ ಮೇಲೆ