ನಮ್ಮ ಮನೆಯವರು ರಾಯಚೂರಿನಲ್ಲಿಲ್ಲ

ಹೈದರಾಬಾದಿನ ನಾಚಾರಂನ ಆ ಓಣಿಯಲ್ಲಿ ಯಾರ ಗಂಡನೂ ಪರದೇಶದಲ್ಲಿರಲಿಲ್ಲ. ಬೇಕಾದರೆ ಕೇಳಿ ನೋಡಿ, ಎಲ್ಲರೂ ರಾಯಚೂರಿನಲ್ಲೇ! "ನಿಮ್ಮ ಹುಲಗೇಶ ಎಲ್ಲಿ ಅದಾನ, ಕಾಣವಲ್ಲ?" ಎಂದು ನಳದ ಹತ್ತಿರ ಯಾರಾದರೂ ಅಂದರೆ ಸಾಕು, ಯಂಕಮ್ಮ ಥಟ್ಟನೆ "ರಾಯಚೂರಾಗ ಕೆಲಸ ಹತ್ತೈತ್ರಿ" ಎನ್ನುತ್ತಿದ್ದಳು. ಮಗ ಇದ್ದದ್ದು ಮಸ್ಕತ್ತಿನಲ್ಲಿ, ವೆಲ್ಡಿಂಗ್ ಕೆಲಸಕ್ಕೆ. ಸೊಸೆ ರೇಣುಕಾಗೆ ಈ ಸುಳ್ಳು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಓಣಿಗೆ ಈ ಸುಳ್ಳು ಕಲಿಸಿದವನು ಕಾಶಿನಾಥ. ಇವರನ್ನೆಲ್ಲ ಗಲ್ಫಿಗೆ ಕಳಿಸಿದ ಏಜೆಂಟ್ ಅವನೇ. "ಪರದೇಶದ ರೊಕ್ಕ ಬ್ಯಾಂಕಿಗೆ ಬಂತಂದ್ರ ಇನ್‌ಕಮ್ ಟ್ಯಾಕ್ಸಿನವರು ಅರ್ಧಾ ನುಂಗ್ತಾರ. ನಮ್ಮ ಹುಡುಗರ ಕೈಯಾಗ ತರಿಸ್ಕೊಳ್ರಿ. ಯಾರರ ಕೇಳಿದ್ರ ರಾಯಚೂರಾಗ ಅದಾರ ಅನ್ರಿ. ನನಗ ಒಂದೀಟು ಕೊಟ್ರ ಸಾಕು, ಫಿಕರ್ ಬ್ಯಾಡ" ಎಂದು ಎಲ್ಲರನ್ನೂ ಹೆದರಿಸಿಟ್ಟಿದ್ದ. ಆ 'ಒಂದೀಟು' ಸಲದಿಂದ ಸಲಕ್ಕೆ ಬೆಳೆಯುತ್ತಲೇ ಹೋಯಿತು.

ಅಷ್ಟರಲ್ಲಿ ಯಂಕಮ್ಮ, ರೇಣುಕಾ ಬಾಡಿಗೆಗಿದ್ದ ಮನೆ ಮಾರಾಟಕ್ಕೆ ಬಂತು. ಹೈಟೆಕ್ ಸಿಟಿ ಎದ್ದ ಮೇಲೆ ಹೈದರಾಬಾದಿನ ಜಾಗದ ಬೆಲೆಗೆಲ್ಲ ಹುಚ್ಚು ಹಿಡಿದಿದ್ದ ಕಾಲವದು. ಆದರೂ ಮಾಲೀಕ ರಾಮದಾಸ ಒಳ್ಳೆಯವನು. ಹಳೇ ಬೆಲೆಗೇ ನಿಮಗೆ ಕೊಡುತ್ತೇನೆ, ಆದರೆ ಈ ತಿಂಗಳೊಳಗೆ ಬ್ಯಾಂಕಿನ ಚೆಕ್ಕಿನಲ್ಲೇ ಕೊಡಬೇಕು, ಇಲ್ಲದಿದ್ದರೆ ಬೇರೆಯವರು ಕಾದಿದ್ದಾರೆ ಎಂದ. ಹುಲಗೇಶ ಕೂಡಿಟ್ಟ ಹಣ ಮಸ್ಕತ್ತಿನ ಬ್ಯಾಂಕಿನಲ್ಲಿತ್ತು. ಅದು ಇಲ್ಲಿನ ಬ್ಯಾಂಕಿಗೆ ಬಾರದಿದ್ದರೆ ಮನೆ ಕೈಬಿಟ್ಟಂತೆಯೇ.

"ಬ್ಯಾಂಕ್ ಗೀಂಕ್ ಬ್ಯಾಡ ಯವ್ವಾ. ಮನಿ ಹೋದ್ರ ಹೋಗ್ಲಿ" ಎಂದಳು ಯಂಕಮ್ಮ.

"ಯಾಕ ಹೋಗ್ಬೇಕ್ರಿ ಅತ್ತಿ? ಅವರು ಬೆಂಕಿ ಮುಂದ ಕುಂತು ದುಡದದ್ದು. ಕಳ್ಳತನ ಮಾಡೇವೇನು ನಾವು?"

"ಸಾವಕಾಶ ಮಾತಾಡ, ಯಾರರ ಕೇಳ್ಯಾರು!"

"ಕೇಳ್ಲಿ! ಕೇಳ್ಲಿ ಅಂತನ ಮಾತಾಡಾಕತ್ತೀನಿ!"

ಕೇಳಿಸಿತು ಕೂಡ. ಮಹಡಿಯ ಮೇಲೆ ಬಾಡಿಗೆಗಿದ್ದ ತಾರಾ ಇಳಿದು ಬಂದಳು. ಉಡುಪಿ ಕಡೆಯ ಹುಡುಗಿ. ಬೇಗಂಪೇಟೆಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ, ವಿದೇಶಕ್ಕೆ ಹೋದ ನೌಕರರ ಸಂಬಳ ಮತ್ತು ತೆರಿಗೆಯ ಲೆಕ್ಕ ನೋಡುವುದೇ ಅವಳ ಕೆಲಸ.

"ಎಂತ ಮಾರಾಯ್ತಿ ಇಷ್ಟು ಜೋರು?" ಎಂದವಳು, ವಿಷಯ ಕೇಳಿದ ಮೇಲೆ ತಾನೂ ಕೆಂಪಾದಳು. "ಬಡವರನ್ನು ಹೀಗೆ ಹೆದರಿಸಲಿಕ್ಕೆ ಆ ಮನುಷ್ಯನಿಗೆ ನಾಚಿಕೆ ಉಂಟಾ? ಅಜ್ಜಿ, ಈ ವರ್ಷ ಹುಲಗೇಶಣ್ಣ ಎಷ್ಟು ದಿನ ಇಲ್ಲಿದ್ದರು?"

"ಒಂದ ತಿಂಗಳ ಇದ್ದ ನೋಡವಾ."

"ಆಯ್ತಲ್ಲ! ಕೆಲಸಕ್ಕೆ ಅಂತ ಹೊರದೇಶದಲ್ಲಿರುವವರು ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ವರ್ಷದಲ್ಲಿ ನೂರ ಎಂಬತ್ತೆರಡು ದಿನಕ್ಕಿಂತ ಕಡಿಮೆ ಇಲ್ಲಿದ್ದರೆ, ತೆರಿಗೆಯ ಲೆಕ್ಕದಲ್ಲಿ ಅವರು ಅನಿವಾಸಿ. ಅಲ್ಲಿ ದುಡಿದು, ಅಲ್ಲಿನ ಬ್ಯಾಂಕಿನಲ್ಲೇ ಪಡೆದ ಸಂಬಳಕ್ಕೆ ಇಲ್ಲಿ ತೆರಿಗೆ ಇಲ್ಲ. ಆಮೇಲೆ ಅದನ್ನು ಮನೆಗೆ ಕಳಿಸಿದರೂ ಇಲ್ಲ."

"ಹಂಗಾದ್ರ ಹೆಂಡ್ತಿ ಮ್ಯಾಲೆ ಹಾಕ್ತಾರ!" ಯಂಕಮ್ಮ ಅಷ್ಟು ಸುಲಭಕ್ಕೆ ಬಗ್ಗುವವಳಲ್ಲ.

"ಗಂಡ ಹೆಂಡತಿಗೆ ಕೊಟ್ಟದ್ದಕ್ಕೆ ಎಂತ ತೆರಿಗೆ ಅಜ್ಜಿ?"

"ಮತ್ತ ಮಸ್ಕತ್ತಿನ ಸರಕಾರ ಬಿಡತೈತೇನು?"

"ಅಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲ. ಅಮೆರಿಕಕ್ಕೆ, ಜರ್ಮನಿಗೆ ಹೋದ ನಮ್ಮ ಕಂಪನಿಯವರು ಅಲ್ಲಿ ಕಟ್ಟಬೇಕು. ಕಟ್ಟಿದ ದಾಖಲೆ ಇಟ್ಟುಕೊಳ್ತಾರೆ, ಒಂದೇ ಸಂಬಳಕ್ಕೆ ಎರಡು ಕಡೆ ಕಟ್ಟುವುದು ತಪ್ಪಲಿ ಅಂತ."

ರೇಣುಕಾ ಮುಂದೆ ಬಂದಳು. "ಅಂದ್ರ ನಾವು ಎಂದೂ ಏನೂ ಕಟ್ಟೂದ ಇಲ್ಲೇನ್ರಿ?"

"ಹಾಗಲ್ಲ ಅಕ್ಕ. ಇಲ್ಲಿ ಬರುವ ಬಾಡಿಗೆ, ಇಲ್ಲಿನ ಠೇವಣಿಯ ಬಡ್ಡಿ ಇಂಥದ್ದು ಇಲ್ಲಿನ ಆದಾಯ. ಅದಕ್ಕೆ ಬೇರೆ ನಿಯಮ ಉಂಟು, ತೆರಿಗೆ ಬಂದರೆ ಕಟ್ಟಬೇಕು. ಹೊರದೇಶದಲ್ಲಿದ್ದೇನೆ ಅಂತ ಅಣ್ಣ ಬ್ಯಾಂಕಿಗೆ ತಿಳಿಸಿ ಅನಿವಾಸಿ ಖಾತೆ ಮಾಡಿಸಲಿ. ತಪ್ಪು ಅಂತ ಒಂದಿದ್ದರೆ ಕಾಶಿನಾಥನ ಬ್ಯಾಂಕು ತಪ್ಪಿಸಿ ಕೈಯಿಂದ ಕೈಗೆ ಹಣ ಸಾಗಿಸುವ ಈ ವ್ಯವಹಾರ. ಹುಂಡಿ ಅಂತಾರೆ ಅದಕ್ಕೆ. ಅದು ಕಾನೂನಿಗೆ ವಿರುದ್ಧ."

"ಕಟ್ಟೂದು ಬಂದ್ರ ತಲಿ ಎತ್ತಿ ಕಟ್ತೀನಿ. ಕಾಶಿನಾಥಗ ಮಾತ್ರ ಇನ್ನ ಒಂದ ಪೈಸಾ ಕೊಡಂಗಿಲ್ಲ!"

ಮರುದಿನವೇ ರೇಣುಕಾ, ತಾರಾ ಇಬ್ಬರೂ ಬ್ಯಾಂಕಿಗೆ ಹೋದರು. ಅಲ್ಲಿನ ಅಧಿಕಾರಿ ಹೇಳಿದ್ದೂ ಅದನ್ನೇ. ಹುಲಗೇಶ ಫೋನ್ ಮಾಡಿದಾಗ ರೇಣುಕಾ ಎಲ್ಲ ಬಿಡಿಸಿ ಹೇಳಿದಳು. ಖಾತೆ ಸರಿಯಾಯಿತು. ಮಸ್ಕತ್ತಿನ ಬ್ಯಾಂಕಿನಿಂದ ನೆಟ್ಟಗೆ ಇಲ್ಲಿನ ಬ್ಯಾಂಕಿಗೆ ಹಣ ಬಂತು, ಯಾರೂ ನುಂಗಲಿಲ್ಲ. ರಾಮದಾಸನಿಗೆ ಚೆಕ್ಕು ಹೋಯಿತು.

ಸುದ್ದಿ ಕಾಶಿನಾಥನ ಕಿವಿಗೆ ಬೀಳಲು ತಡವಾಗಲಿಲ್ಲ. ಭಾನುವಾರ ಬೆಳಿಗ್ಗೆ, ಓಣಿಯ ಹೆಂಗಸರೆಲ್ಲ ಹೊರಗಿದ್ದಾಗಲೇ ಬಂದು ಬಾಗಿಲಿಗೆ ಅಡ್ಡ ನಿಂತ.

"ನಾಳೆ ರೇಡ್ ಬಿದ್ರ ನನ್ನ ಹತ್ರ ಅಳಕೋತ ಬರಬ್ಯಾಡ್ರಿ. ಹುಲಗೇಶಗ ಮುಂದ ವೀಸಾ ಹೆಂಗ ಸಿಗತೈತಿ, ಅದನ್ನೂ ನೋಡ್ತೀನಿ."

ರೇಣುಕಾಗೆ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಸಿಟ್ಟು ಅದಕ್ಕಿಂತ ದೊಡ್ಡದಿತ್ತು.

"ಓಣಿಯವರೆಲ್ಲ ಕೇಳ್ರಿ!" ಎಂದು ಕೂಗಿದಳು. "ನಮ್ಮ ಮನಿಯವರು ರಾಯಚೂರಾಗ ಇಲ್ಲ. ಮಸ್ಕತ್ತಿನಾಗ ಅದಾರ, ದುಡೀಲಿಕ್ಕೆ ಹೋಗ್ಯಾರ! ಪಾಸ್‌ಪೋರ್ಟ್ ಐತಿ, ಸಂಬಳದ ಚೀಟಿ ಐತಿ, ಬ್ಯಾಂಕಿನ ಕಾಗದ ಐತಿ. ಯಾರ ಬರ್ತಾರ ಬರ್ಲಿ, ತೋರಸ್ತೀನಿ. ಕಾಶಿನಾಥಣ್ಣಾ, ನೀ ತರೂ ರೊಕ್ಕಕ್ಕ ಯಾವ ಕಾಗದ ಐತಿ? ನೀ ತೋರಸು!"

ಕಾಶಿನಾಥ ಬಾಗಿಲು ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದ. ಅಷ್ಟರಲ್ಲಿ ಒಳಗಿನಿಂದ ಯಂಕಮ್ಮ ಬಂದಳು. ಬಂದವಳೇ ಸೊಸೆಯ ಪಕ್ಕ ನಿಂತಳು.

"ನನ್ನ ಮಗ ವಿಮಾನ ಹತ್ತಿ ಹೋದ. ನಮ್ಮ ವಂಶದಾಗ ಯಾರೂ ಹತ್ತಿದ್ದಿಲ್ಲ. ಬಾಯಿ ತುಂಬ ಒಬ್ಬರ ಮುಂದೂ ಹೇಳ್ಕೊಳ್ಳಿಲ್ಲ ನಾನು, ನಿನ್ನ ಮಾತ ಕೇಳಿ!" ಮುದುಕಿ ಓಣಿಯ ಕಡೆ ಕೈ ತೋರಿಸಿದಳು. "ನಡಿ ಇಲ್ಲಿಂದ. ಇನ್ನ ನಮ್ಮ ಹೊಸ್ತಿಲಕ್ಕ ಕಾಲಿಡಬ್ಯಾಡ."

ಅವನು ತಿರುಗಿ ಹೆಜ್ಜೆ ಹಾಕುತ್ತಿದ್ದಂತೆ ಎದುರು ಮನೆಯ ಪ್ರೇಮಾ ಕೊಡ ಕೆಳಗಿಟ್ಟಳು.

"ನಮ್ಮವರೂ ರಾಯಚೂರಾಗ ಇಲ್ರಿ" ಎಂದಳು. "ಕುವೈತಿನಾಗ ಅದಾರ."

ಈಗ ನೀವು ಹೇಳಿ. ನಿಮ್ಮ ಮನೆಯವರೂ 'ರಾಯಚೂರಿನಲ್ಲಿ' ಇದ್ದಾರೆಯೇ? ಹಾಗಿದ್ದರೆ ಇವತ್ತೇ ಬ್ಯಾಂಕಿಗೆ ಹೋಗಿ, ಬಾಯಿ ಬಿಟ್ಟು ಕೇಳಿ. ತೆರಿಗೆಯ ನಿಯಮ ಬದಲಾಗುತ್ತಿರುತ್ತದೆ, ದೇಶದಿಂದ ದೇಶಕ್ಕೂ ಬೇರೆ ಇರುತ್ತದೆ. ಆದ್ದರಿಂದ ಆ ವರ್ಷದ ನಿಯಮವನ್ನು ತಿಳಿದವರಿಂದಲೇ ತಿಳಿಯಿರಿ. ಪಾಸ್‌ಪೋರ್ಟು, ಸಂಬಳದ ಚೀಟಿ ಜೋಪಾನವಾಗಿಡಿ. ಕಟ್ಟಬೇಕಾದದ್ದನ್ನು ಕಟ್ಟಿ, ಕಟ್ಟಬೇಕಿಲ್ಲದ್ದಕ್ಕೆ ಯಾರಿಗೂ ಹೆದರಬೇಡಿ. ನಿಮ್ಮವರು ಬೆವರು ಸುರಿಸಿ ದುಡಿದ ಹಣ ನಿಮ್ಮ ಮನೆಗೆ ಮುಂಬಾಗಿಲಿನಿಂದಲೇ ಬರಲಿ.