ಕರುಣಾಳು, ಆಳು

“ಬಾಯಿ ತೆಗಿ. ಇನ್ನೂ ಅಗಲ. ಹ್ಞಾಂ, ಈಗ ಉಸಿರು ಬಿಡು.”

ಗೇಟಿನಲ್ಲಿ ನಿಂತಿದ್ದ ಸ್ವಯಂಸೇವಕ ತರುಣ ತನ್ನ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಶಿವಶರಣಪ್ಪ ಕಾಕಾನ ಬಾಯಿ ಮೂಸುತ್ತಿದ್ದ. ಆ ಕರವಸ್ತ್ರದ ಸೆಂಟು ಬಿಟ್ಟರೆ ಅವನಿಗೆ ಬೇರೇನು ವಾಸನೆ ಬಂದೀತೋ. ಕುಷಾಯಿಗೂಡದ ಅರ್ಧದಷ್ಟು ಒಳಚರಂಡಿ ಚೇಂಬರುಗಳ ಒಳಹೊರಗು ಬಲ್ಲ ಕಾಕಾ, ಐವತ್ತೆಂಟರ ಮನುಷ್ಯ, ಹಲ್ಲಿನ ಡಾಕ್ಟರ ಮುಂದೆ ಕೂತ ಕೂಸಿನಂತೆ ಆ ಎಂದು ನಿಂತಿದ್ದ.

ಒಳಗೆ, ಈ ತೆಲುಗು ಊರಿನಲ್ಲಿರುವ ನಮ್ಮ ಕನ್ನಡದವರದೇ ಶಾಕಾಹಾರ ಹಬ್ಬ. ಅವತ್ತು ಮಾಂಸ ತಿಂದವರು ಮೈದಾನದ ಸುತ್ತ ಎಳೆದ ಸುಣ್ಣದ ಗೆರೆ ದಾಟುವಂತಿಲ್ಲ. ನಿಯಮ ಎಲ್ಲರಿಗೂ ಒಂದೇ, ಮೂಸುವುದು ಮಾತ್ರ ಕಕ್ಕಸು ತೊಳೆಯುವ, ಎಂಜಲು ಎತ್ತುವ ನಮ್ಮನ್ನು. ಕಾರಿನಲ್ಲಿ ಬಂದವರಿಗೆ ಪನ್ನೀರು ಹೊರಗೆ, ಪನೀರು ಒಳಗೆ.

ನಾನು ನಿಜಕ್ಕೂ ಮಾಂಸ ಮುಟ್ಟುವವನಲ್ಲ. ಎಂಟನೆಯ ವಯಸ್ಸಿನಲ್ಲಿ ನಾನೇ ಸೊಪ್ಪು ತಿನ್ನಿಸಿ ಸಾಕಿದ ಮೇಕೆಮರಿ ಒಂದು ಮಧ್ಯಾಹ್ನ ನನ್ನ ತಾಟಿಗೇ ಬಂದಿತ್ತು. ಅಂದಿನಿಂದ ಮಾಂಸದ ಮಸಾಲೆ ಕುದಿಯುವ ವಾಸನೆ ಬಂದರೂ ಎದ್ದು ಹೊರಗೆ ಹೋಗುತ್ತೇನೆ. ಇದನ್ನು ಹೇಳಿದರೆ ತರುಣ, ನಿಮ್ಮವರಲ್ಲಿ ಅಂಥವರು ಇರ್ತಾರಾ ಎಂದು ನನ್ನನ್ನು ಎರಡು ಸಲ ಮೂಸಿದ.

ವೇದಿಕೆಯಿಂದ ಭಾಷಣಕ್ಕೆ ನಿಂತ ನಳಿನಿ ಮೇಡಂ ದನಿ ಜೇನಿನಂತೆ ಸುರಿಯುತ್ತಿತ್ತು. ಇರುವೆಗೂ ನೋವಾಗತ್ತೆ, ಹುಳುವಿಗೂ ಉಸಿರಿದೆ, ನಾವು ಕರುಣಾಳುಗಳಾಗೋಣ. ಬಿಎ ಮುಗಿಸಿ ನಾನು ಕಲಿತದ್ದು ಮಿಮಿಕ್ರಿಯೊಂದೇ. ಪಾತ್ರೆ ತೊಳೆಯುವ ಹೆಂಗಸರ ಮುಂದೆ ಪೊರಕೆಯನ್ನೇ ಮೈಕು ಮಾಡಿಕೊಂಡು ಅದೇ ದನಿ ತೆಗೆದೆ. “ಅವರು ಕರುಣಾಳು, ನಾವು ಬರೀ ಆಳು” ಎಂದಾಗ ಅವರು ಸೆರಗು ಬಾಯಿಗಿಟ್ಟು ನಕ್ಕರು. ಕಾಕಾ ನಗಲಿಲ್ಲ. ಅವನ ಕಣ್ಣು ಅಡುಗೆ ಶಾಮಿಯಾನದ ಹಿಂದಿನ ಚೇಂಬರಿನ ಮೇಲಿತ್ತು.

ಹನ್ನೆರಡರ ಹೊತ್ತಿಗೆ ಅದು ಉಕ್ಕಿತು. ಅಡುಗೆಯ ನೀರೂ ಕಕ್ಕಸಿನ ನೀರೂ ಕೂಡುವುದು ಅದರಲ್ಲೇ. ತುಪ್ಪದ ಕೆನೆ ಬೆರಳುದ್ದ ಹೆಪ್ಪುಗಟ್ಟಿತ್ತು. ಅದರ ಮೇಲೆ ಪನೀರು, ಕೂದಲು, ಮಗುವಿನದೊಂದು ಡೈಪರು. ಹಳದಿಯದೇನೋ ತೇಲಿ ಬಂತು. ಅದು ಕೇಸರಿಬಾತೇ ಎಂದು ಆಣೆ ಮಾಡುವ ಧೈರ್ಯ ನನಗಿಲ್ಲ.

“ತುಪ್ಪ ತಿಂದ ಬೋಳಿಮಕ್ಕಳ ಹೇಲೂ ಅಷ್ಟ ನಾರತೈತಿ ನೋಡು” ಎಂದು ಕಾಕಾ ಉಗುಳಿದ.

ಹಬ್ಬದ ಯಜಮಾನ ವಾಸುದೇವರು ರೇಷ್ಮೆ ಜುಬ್ಬ ಎತ್ತಿ ಹಿಡಿದುಕೊಂಡು ಓಡಿ ಬಂದರು. ಮೈಸೂರಿನ ಮೆತ್ತನೆ ಮಾತು. “ಶಿವಶರಣಪ್ಪನವರೇ, ಒಂಚೂರು ಇಳಿದುಬಿಡಿ. ಐದೇ ನಿಮಿಷದ ಕೆಲಸ.”

ಕಾಕಾನ ಹೆಸರಿಗೆ ‘ನವರು’ ಅಂಟಿದ್ದು ಅದೇ ಮೊದಲು.

ಕೆಸರು ಹೀರುವ ಮಷೀನ್ ತರಿಸಿ ಎಂದ ಕಾಕಾ. ಮಷೀನ್ ಬರುವುದು ನಾಳೆ, ಮುಖ್ಯ ಅತಿಥಿ ಬರುವುದು ಒಂದು ಗಂಟೆಗೆ ಎಂದರು ವಾಸುದೇವರು. ಒಳಗ ಗ್ಯಾಸ್ ಐತ್ರಿ, ಹೋದ ವರ್ಷ ಬಾಲಾನಗರದಾಗ ನಮ್ಮ ಅಂಬಾದಾಸ ಹಿಂಗ ಐದು ನಿಮಿಷಕ್ಕಂತ ಇಳಿದಿದ್ದ ಎಂದ ಕಾಕಾ. ಅಂಬಾದಾಸನನ್ನು ಹಗ್ಗ ಕಟ್ಟಿ ಎಳೆದವರು ನಾವಿಬ್ಬರೇ. ಹೆಣದ ಬಾಯಿಯ ತುಂಬ ಕೆಸರಿತ್ತು. ಬೆರಳು ಹಾಕಿ ತೆಗೆದವನು ನಾನು.

ವಾಸುದೇವರು ಎಲ್ಲ ಕೇಳಿದರು. ತಲೆಯನ್ನೂ ಆಡಿಸಿದರು. ಇಳಿಯದಿದ್ದರೆ ನಾಳೆಯಿಂದ ಇಬ್ಬರೂ ಬರಬೇಡಿ, ಈ ಕಾಲೊನಿಯಲ್ಲಿ ನಿಮ್ಮನ್ನು ಯಾರೂ ಬಾಗಿಲಿಗೂ ಸೇರಿಸದ ಹಾಗೆ ನೋಡ್ಕೋತೀನಿ ಎಂದು ಅದೇ ಮೆತ್ತನೆ ದನಿಯಲ್ಲಿ ಹೇಳಿದರು.

ಕಾಕಾ ಗೆರೆ ದಾಟಿ ಹೊರಗೆ ಹೋದ. ಗಾಡಿಗೆ ನೇತುಹಾಕಿದ್ದ ಡಬ್ಬಿ ಬಿಚ್ಚಿದ. ಕೆಲಸ ಮುಗಿಸಿ ಮನೆಗೆ ಹೋಗುವಾಗ ತಿನ್ನಲೆಂದು ಹೆಂಡತಿ ಬಸಲಿಂಗಮ್ಮ ಕಾಕು ಕಟ್ಟಿದ ಕುರಿಯ ಬೋಟಿ. ಅಲ್ಲೇ ನಿಂತು, ರೊಟ್ಟಿಯಲ್ಲಿ ಸುತ್ತಿ, ಕರುಳಿನ ಒಂದೊಂದು ತುಂಡನ್ನೂ ನಿಧಾನವಾಗಿ ಅಗಿದ. ಆಮೇಲೆ ಗೆರೆಯ ತನಕ ಬಂದು ನಿಂತ.

“ಈಗ ನಾ ಒಳಗ ಬರಂಗಿಲ್ರಿ, ಸಾಹೇಬ್ರ. ನಿಮ್ಮ ಹಬ್ಬ ಮೈಲಿಗಿ ಆಗತೈತಿ.”

ವಾಸುದೇವರು ಗಡಿಯಾರ ನೋಡಿಕೊಂಡರು. ಅವರು ನನ್ನ ಕಡೆ ತಿರುಗಿದರು.

“ನೀನು ತಿನ್ನಲ್ವಂತೆ, ಗೇಟಿನ ಹುಡುಗ ಹೇಳ್ದ. ಹಾಗಾದ್ರೆ ನೀನು ನಮ್ಮವನೇ ಕಣಯ್ಯ. ನೀನಿಳಿ.”

ಚೇಂಬರು ಗುಳುಗುಳು ಅನ್ನುತ್ತಿತ್ತು. ಕಾಕಾ ಗೆರೆಯಾಚೆಯಿಂದ ಡಬ್ಬಿ ಚಾಚಿದ.

“ಬಾ, ಯಶವಂತ. ಕಣ್ಣು ಮುಚ್ಚಿ ನುಂಗು.”

ಗೆರೆ ದಾಟಿ ಹೋಗಿ ಒಂದು ತುಂಡು ಬಾಯಿಗಿಟ್ಟುಕೊಂಡೆ. ಮೆತ್ತಗಿತ್ತು, ಒಳಗೆ ಟೊಳ್ಳು. ಹಲ್ಲಿಗೆ ಸಿಕ್ಕಿ ಜಾರಿತು. ಕಣ್ಣಲ್ಲಿ ನೀರು ಬಂತು, ನುಂಗಿದ್ದು ಬಾಯಿಗೆ ವಾಪಸು ಬಂತು. ತುಟಿಗೆ ಅಂಗೈ ಒತ್ತಿಕೊಂಡು ಅದನ್ನೇ ಎರಡನೇ ಸಲ ನುಂಗಿದೆ. ವಾಸುದೇವರು ಓಕರಿಸುತ್ತ ಮುಖ ತಿರುಗಿಸಿದರು.

ನಾನು ಕಾಕಾನ ಡಬ್ಬಿಗೆ ಮತ್ತೆ ಕೈ ಹಾಕಿದೆ.